ಬೇರಿಂಗೂ ಭಾವನೂ

ಹಳೇ ಜೀಪು ಸಾಕಿಕೊಂಡವರ ಮನೆಗೆ ಹೋಗುವವರು ಹೊಟ್ಟೆ ತುಂಬಿಸಿಕೊಂಡೇ ಹೋಗುವುದು ಕ್ಷೇಮ. ಮೆಟ್ಟಿಲು ಹತ್ತುವ ಮೊದಲೇ "ಕಾಫಿ ಆಗ್ತಾ ಇದೆ, ಅಷ್ಟರಲ್ಲಿ ಒಂದ್ನಿಮಿಷ ಶೆಡ್ ಕಡೆ ಬಂದು ಹೋಗು ಮಾರಾಯ" ಅನ್ನುತ್ತಾರೆ. ಕಾಫಿ ಆಗುತ್ತದೆ, ಆರುತ್ತದೆ, ಮತ್ತೆ ಬಿಸಿಯಾಗುತ್ತದೆ, ಮತ್ತೆ ಆರುತ್ತದೆ. ನೀವು ಮಾತ್ರ ಶೆಡ್ಡಿನಲ್ಲಿ ಗ್ರೀಸಿನ ವಾಸನೆ ಕುಡಿಯುತ್ತಾ, ನಿಮಗೆ ಯಾವ ಸಂಬಂಧವೂ ಇಲ್ಲದ ಒಂದು ಗೇರಿನ ಮೇಲೆ ಟಾರ್ಚ್ ಬಿಟ್ಟುಕೊಂಡು ನಿಂತಿರುತ್ತೀರಿ. ನಿಮ್ಮನ್ನು ಕರೆದದ್ದು ಜೀಪು ತೋರಿಸಲಿಕ್ಕಲ್ಲ, ಟಾರ್ಚ್ ಹಿಡಿಸಲಿಕ್ಕೆ ಎಂದು ತಿಳಿಯುವ ಹೊತ್ತಿಗೆ ಕೈ ನೋಯಲು ಶುರುವಾಗಿರುತ್ತದೆ.

ನನಗೆ ಈ ಹುದ್ದೆ ಅಕ್ಕನ ಮದುವೆಯ ಜೊತೆಗೇ ಬಂತು. ಭಾವ ಮೂಡಿಗೆರೆ ಕಡೆಯ ಕಾಫಿ ಬೆಳೆಗಾರರು. ಕಾಫಿಗೆ ಒಳ್ಳೇ ರೇಟು ಬಂದ ವರ್ಷ ಊರಿನ ಬುದ್ಧಿವಂತರೆಲ್ಲ ಬೆಂಗಳೂರಿನಲ್ಲಿ ಸೈಟು ಹಿಡಿದರೆ ಇವರು ಒಂದು ಸಿಜೆ-3ಬಿ ಜೀಪು ಹಿಡಿದರು. ನಮ್ಮಂಥವರ ಕಣ್ಣಿಗೆ ಅದೂ ಒಂದು ಜೀಪು, ಅಷ್ಟೆ. ಭಾವನ ಎದುರು ಹಾಗಂದು ನೋಡಿ! "ಬಾನೆಟ್ ಎಷ್ಟೆತ್ತರ ಇದೆ ನೋಡು" ಅಂತ ಶುರು ಮಾಡುತ್ತಾರೆ. ವಿಲ್ಲಿಸ್ ಕಂಪನಿಯ ಹರಿಕೇನ್ ಇಂಜಿನ್ನು ಹಳೆಯದಕ್ಕಿಂತ ಎತ್ತರವಾಗಿ, ಹಳೇ ಬಾನೆಟ್ಟಿನ ಕೆಳಗೆ ಹಿಡಿಸದೆ, ಕೊನೆಗೆ ಬಾನೆಟ್ಟನ್ನೇ ಎತ್ತರಿಸಿ 1953ರಲ್ಲಿ ಈ ಮಾಡೆಲ್ ಬಿಟ್ಟ ಕಥೆ ಬರುತ್ತದೆ. ಅದರ ಹಿಂದೆಯೇ, 1945ರಲ್ಲಿ ಮಹೀಂದ್ರ ಅಂಡ್ ಮೊಹಮ್ಮದ್ ಎಂದು ಹುಟ್ಟಿ 1948ರಲ್ಲಿ ಮಹೀಂದ್ರ ಅಂಡ್ ಮಹೀಂದ್ರ ಆದ ಕಂಪನಿ ಅದನ್ನು ನಮ್ಮ ದೇಶದಲ್ಲಿ ದಶಕಗಟ್ಟಲೆ ಮಾಡಿದ ಕಥೆ. ತಾರೀಖು ಇಷ್ಟು ಚೆನ್ನಾಗಿ ನೆನಪಿರುವ ಮನುಷ್ಯನಿಗೆ ಅಕ್ಕನ ಹುಟ್ಟುಹಬ್ಬವನ್ನು ಪ್ರತಿವರ್ಷ ನಾನೇ ಫೋನ್ ಮಾಡಿ ನೆನಪಿಸಬೇಕು.

ಆ ಜೀಪಿಗೆ ಒಂದು ಕಾಯಿಲೆ ಅಂಟಿಕೊಂಡಿತು. ನ್ಯೂಟ್ರಲ್ಲಿನಲ್ಲಿ ನಿಲ್ಲಿಸಿದರೆ ಗೇರ್‌ಬಾಕ್ಸು ಗೊರ್ ಎನ್ನುತ್ತಿತ್ತು. ಕ್ಲಚ್ ತುಳಿದರೆ ತೆಪ್ಪಗಾಗುತ್ತಿತ್ತು. ಕ್ಲಚ್ ತುಳಿಯದಿದ್ದಾಗ ಇಂಜಿನ್ನಿನ ಜೊತೆ ಗೇರ್‌ಬಾಕ್ಸಿನ ಇನ್‌ಪುಟ್ ಶಾಫ್ಟೂ ತಿರುಗುತ್ತಿರುತ್ತದೆ. ತುಳಿದರೆ ಶಾಫ್ಟು ನಿಲ್ಲುತ್ತದೆ, ಶಾಫ್ಟಿನ ಜೊತೆಗೆ ಸದ್ದೂ ನಿಲ್ಲುತ್ತದೆ. ಹಾಗಾಗಿ ಮೊದಲು ಅನುಮಾನಿಸಬೇಕಾದ್ದು ಆ ಶಾಫ್ಟನ್ನು ಹೊತ್ತಿರುವ ಬೇರಿಂಗನ್ನೇ. ಇದನ್ನೆಲ್ಲ ಭಾವ ಬಿಡಿಸಿ ಹೇಳಿದಾಗ ಅಕ್ಕ ಸುಲಭದ ಮದ್ದು ಸೂಚಿಸಿದಳು: "ಹಾಗಾದ್ರೆ ಕ್ಲಚ್ ತುಳ್ಕೊಂಡೇ ಇರಿ. ಜೀಪು ಎಲ್ಲಿಗೂ ಹೋಗೋದೂ ಇಲ್ಲ, ಸದ್ದೂ ಇರೋದಿಲ್ಲ."

ಭಾವ ಗೇರ್‌ಬಾಕ್ಸ್ ಇಳಿಸಿದರು. ಟಿ-90 ಅನ್ನುವ ಪೆಟ್ಟಿಗೆ ಅದು, ಮುಂದಕ್ಕೆ ಮೂರು ಗೇರು, ಹಿಂದಕ್ಕೆ ಒಂದು. ಅದರ ಬೆನ್ನಿಗೆ ನಾಲ್ಕು ಚಕ್ರಕ್ಕೂ ಶಕ್ತಿ ಹಂಚುವ ಸ್ಪೈಸರ್ 18 ಟ್ರಾನ್ಸ್‌ಫರ್ ಕೇಸು. ಗೇರ್‌ಬಾಕ್ಸಿನ ಮೇನ್ ಶಾಫ್ಟು ಸೀದಾ ಟ್ರಾನ್ಸ್‌ಫರ್ ಕೇಸಿನೊಳಗೆ ಬಾಲ ತೂರಿಸಿಕೊಂಡು ಕೂತಿರುತ್ತದೆ. ಎರಡನ್ನೂ ಬೇರೆ ಮಾಡುವಾಗ ಏನು ಮಾಡಬೇಕೆಂದು ವಿಲ್ಲಿಸ್ ಕಂಪನಿಯ ಮ್ಯಾನ್ಯುಯಲ್ಲು ಅಂದೇ ಬರೆದಿಟ್ಟಿದೆ: ಸೆಕೆಂಡ್ ಗೇರಿನ ಹಿಂದೆ ಮೇನ್ ಶಾಫ್ಟಿಗೆ ಒಂದು ತಂತಿ ಸುತ್ತಿ, ಮುಂದಿನ ಸ್ಕ್ರೂಗೆ ಬಿಗಿದು ಕಟ್ಟಿ, ಇಲ್ಲದಿದ್ದರೆ ಶಾಫ್ಟು ಹಿಂದಕ್ಕೆ ಜಾರಿ ಸಿಂಕ್ರೊನೈಸರಿನ ಬಿಡಿಭಾಗಗಳೆಲ್ಲ ಪೆಟ್ಟಿಗೆಯ ತಳಕ್ಕೆ ಬೀಳುತ್ತವೆ. ಮೋಟು ತಂತಿಯ ಕೆಲಸ. ಎಸ್ಟೇಟಿನಲ್ಲಿ ಬೇಲಿಗೆ ಸುತ್ತುವಷ್ಟು ತಂತಿ ಇಟ್ಟುಕೊಂಡವರು ಭಾವ. ಆದರೆ ಮ್ಯಾನ್ಯುಯಲ್ ಓದುವುದು ಹೆದರುವವರ ಲಕ್ಷಣ ಎಂಬುದು ಜೀಪು ಮಂದಿಯ ನಂಬಿಕೆ. ಚಳಚಳ ಸದ್ದು ಬಂತು. ನನ್ನ ಟಾರ್ಚು ಪೆಟ್ಟಿಗೆಯ ತಳದ ಕಡೆ ತಿರುಗಿತು. "ಹೇಗೂ ಬಿಚ್ಚೋದೇ ಇತ್ತಲ್ಲ" ಅಂದರು ಭಾವ, ಬಹಳ ಘನತೆಯಿಂದ.

ಮುಂದಿನ ಪಯಣ ಬೆಂಗಳೂರಿನ ಜೆ.ಸಿ. ರಸ್ತೆಗೆ. ಅಂಗಡಿಯವನು ಕಂಪ್ಯೂಟರಿನಿಂದ ತಲೆ ಎತ್ತದೆ "ನಂಬರ್ ಹೇಳಿ" ಅಂದ. ಭಾವ ಬಾನೆಟ್ಟಿನ ಎತ್ತರದಿಂದ ಶುರು ಮಾಡಿದರು. ಅವನು ಮತ್ತೆ "ನಂಬರ್ ಸಾರ್" ಅಂದ. ಬೇರಿಂಗ್ ವ್ಯಾಪಾರಿಗಳ ಹತ್ತಿರ ಭಾವುಕತೆ ನಡೆಯುವುದಿಲ್ಲ. ಅವರಿಗೆ ಜೀಪೂ ಒಂದೇ, ಹಿಟ್ಟಿನ ಗಿರಣಿಯೂ ಒಂದೇ. ರಿಂಗಿನ ಅಂಚಿನಲ್ಲಿ ಕೆತ್ತಿರುವ ನಂಬರೇ ಅದರ ಕುಲಗೋತ್ರ. 6207 ಎಂದಿದ್ದರೆ ಮೊದಲ 6 ಒಂದು ಸಾಲಿನ ಗುಂಡಿನ ಬೇರಿಂಗ್ ಅನ್ನುತ್ತದೆ, 2 ಅದರ ಮೈಕಟ್ಟು ಹೇಳುತ್ತದೆ, ಕೊನೆಯ 07ನ್ನು ಐದರಿಂದ ಗುಣಿಸಿದರೆ ಒಳತೂತು 35 ಮಿಲಿಮೀಟರ್ ಎಂದು ಸಿಗುತ್ತದೆ. 2ರ ಜಾಗದಲ್ಲಿ 3 ಇದ್ದರೆ ತೂತು ಅಷ್ಟೇ, ಮೈ ದಪ್ಪ. ಇಷ್ಟು ಚೆಂದದ ಲೆಕ್ಕದಲ್ಲೂ ಒಂದು ತರಲೆ ಇದೆ: 04ರಿಂದ ಮೇಲಕ್ಕೆ ಮಾತ್ರ ಐದರ ಮಗ್ಗಿ ನಡೆಯುತ್ತದೆ. 00 ಅಂದರೆ 10, 01 ಅಂದರೆ 12, 02 ಅಂದರೆ 15, 03 ಅಂದರೆ 17 ಮಿಲಿಮೀಟರ್. ಯಾಕೆ ಎಂದು ಕೇಳಿದರೆ "ಹಾಗೇ ಸಾರ್" ಅನ್ನುತ್ತಾರೆ. ಬಾಲದಲ್ಲಿ ಇನ್ನೂ ಅಕ್ಷರಗಳು: ಸಿ3 ಎಂದಿದ್ದರೆ ಒಳಗಿನ ಸಡಿಲ ಸ್ವಲ್ಪ ಜಾಸ್ತಿ, ಎರಡು ಕಡೆ ರಬ್ಬರ್ ಮುಚ್ಚಳ ಇದ್ದರೆ 2ಆರ್‌ಎಸ್, ಹೊರರಿಂಗಿನ ಸುತ್ತ ಸಣ್ಣ ಕಾಲುವೆ ತೋಡಿ ಸ್ನ್ಯಾಪ್ ರಿಂಗ್ ಕೂರಿಸಿದ್ದರೆ ಎನ್‌ಆರ್. ಭಾವನ ಇನ್‌ಪುಟ್ ಬೇರಿಂಗು ಈ ಸ್ನ್ಯಾಪ್ ರಿಂಗಿನ ಜಾತಿ. ಆ ರಿಂಗೇ ಅದನ್ನು ಪೆಟ್ಟಿಗೆಯ ಬಾಯಲ್ಲಿ ಹಿಡಿದು ನಿಲ್ಲಿಸುವುದು. ಹಳೇ ಬೇರಿಂಗನ್ನು ಮನೆಯಲ್ಲೇ ಬಿಟ್ಟು ಬಂದಿದ್ದರಿಂದ ನಂಬರಿಗಾಗಿ ಅಕ್ಕನಿಗೆ ಫೋನ್ ಹೋಯಿತು. ಅವಳು ಕನ್ನಡಕ ಹಾಕಿಕೊಂಡು, ಗ್ರೀಸು ಒರೆಸಿ, ಓದಿ ಹೇಳಿದಳು. ಒರೆಸಿದ್ದು ಭಾವನ ಬಿಳೀ ಪಂಚೆಯಲ್ಲಿ ಎಂದು ಆಮೇಲೆ ಗೊತ್ತಾಯಿತು.

ಬೇರಿಂಗ್ ಬಂತು. ಇನ್ನು ಶಾಫ್ಟಿಗೆ ಹಾಕುವುದು. ಗಂಡಸರ ಅಸಲಿ ಸ್ವಭಾವ ಹೊರಬೀಳುವ ಜಾಗ ಇದು.

ಹೊಸ ಬೇರಿಂಗನ್ನು ಶಾಫ್ಟಿನ ತುದಿಗೆ ಇಟ್ಟರೆ ಅದು ಒಳಗೆ ಹೋಗುವುದಿಲ್ಲ. ಹೋಗಬಾರದು. ಶಾಫ್ಟು ಬೇಕೆಂದೇ ಒಂದು ಎಳೆ ದಪ್ಪ, ಬೇರಿಂಗಿನ ತೂತು ಒಂದು ಎಳೆ ಚಿಕ್ಕದು. ಎಷ್ಟು ಎಳೆ? 35 ಮಿಲಿಮೀಟರಿನ ಶಾಫ್ಟಿಗೆ ಸಾಮಾನ್ಯವಾಗಿ ಇಡುವ ಬಿಗಿತ 2ರಿಂದ 25 ಮೈಕ್ರಾನ್. ಒಂದು ಮಿಲಿಮೀಟರನ್ನು ಸಾವಿರ ಪಾಲು ಮಾಡಿ ಒಂದು ಪಾಲು ತೆಗೆದರೆ ಅದು ಮೈಕ್ರಾನ್. ತಲೆಗೂದಲಿನ ದಪ್ಪವೇ ಹೆಚ್ಚುಕಡಿಮೆ 70 ಮೈಕ್ರಾನ್ ಇರುತ್ತದೆ. ಅಂದರೆ ಒಂದು ಕೂದಲಿನ ಮೂರನೇ ಒಂದು ಪಾಲಿನ ಜಗಳ ಇದು. ಇಷ್ಟು ಸಣ್ಣ ಜಗಳಕ್ಕೆ ನಮ್ಮವರು ತರುವುದು ಎರಡು ಕೇಜಿ ಸುತ್ತಿಗೆ.

ಸುತ್ತಿಗೆ ಮತಸ್ಥರು ಬಹಳ ಮಂದಿ. ಅವರಲ್ಲಿ ಶೂರರು ನೇರ ಬೇರಿಂಗಿನ ಮೇಲೇ ಬಾರಿಸುತ್ತಾರೆ. ಸ್ವಲ್ಪ ಓದಿಕೊಂಡವರು ನಡುವೆ ಮರದ ತುಂಡು ಇಟ್ಟು ಬಾರಿಸುತ್ತಾರೆ. ಮರದ ಸಿಬಿರು ಗುಂಡುಗಳ ನಡುವೆ ಸೇರಿ ಅಲ್ಲೇ ಸಂಸಾರ ಹೂಡುತ್ತದೆ. ಏಟು ಎಲ್ಲಿಗೆ ಬೀಳುತ್ತದೆ ಎಂಬುದೇ ಇಲ್ಲಿ ಮುಖ್ಯ. ಬಿಗಿ ಇರುವುದು ಒಳರಿಂಗಿಗೂ ಶಾಫ್ಟಿಗೂ ನಡುವೆ. ಕೈಗೆ ಸಲೀಸಾಗಿ ಸಿಗುವುದು ಹೊರರಿಂಗು. ಹೊರರಿಂಗಿಗೆ ಹೊಡೆದರೆ ಆ ಏಟು ಗುಂಡುಗಳ ಮೂಲಕವೇ ಒಳರಿಂಗಿಗೆ ದಾಟಬೇಕು. ಗುಂಡು ರಿಂಗನ್ನು ಮುಟ್ಟುವುದು ಚುಕ್ಕೆಯಷ್ಟು ಜಾಗದಲ್ಲಿ. ಆ ಚುಕ್ಕೆಯ ಮೇಲೆ ಇಡೀ ಸುತ್ತಿಗೆ ಕೂತರೆ ಗಟ್ಟಿ ಉಕ್ಕಿನಲ್ಲೂ ಕುಳಿ ಬೀಳುತ್ತದೆ. 1900ರಲ್ಲಿ ಸ್ವೀಡನ್ನಿನ ಬ್ರಿನೆಲ್ ಎಂಬ ಇಂಜಿನಿಯರು ಗಟ್ಟಿ ಗುಂಡೊಂದನ್ನು ಲೋಹಕ್ಕೆ ಒತ್ತಿ, ಬಿದ್ದ ಕುಳಿ ಅಳೆದು ಲೋಹದ ಗಡಸುತನ ಹೇಳುವ ವಿಧಾನ ತೋರಿಸಿಕೊಟ್ಟರು. ಬೇರಿಂಗಿನೊಳಗೆ ಇಂಥ ಕುಳಿ ಬಿದ್ದರೆ ಇವತ್ತಿಗೂ ಅವರ ಹೆಸರಲ್ಲೇ ಕರೆಯುತ್ತಾರೆ. ನಮ್ಮ ಸುತ್ತಿಗೆ ಮತಸ್ಥರು ಅದೇ ಪ್ರಯೋಗವನ್ನು ದುಡ್ಡು ಕೊಟ್ಟು ತಂದ ಬೇರಿಂಗಿನ ಮೇಲೆ ಮಾಡುತ್ತಾರೆ, ಅಳತೆ ತೆಗೆಯುವುದಿಲ್ಲ ಅಷ್ಟೆ. ಕುಳಿ ಕಣ್ಣಿಗೆ ಕಾಣುವುದಿಲ್ಲ. ಗೇರ್‌ಬಾಕ್ಸ್ ಮುಚ್ಚಿ, ಎಣ್ಣೆ ತುಂಬಿ, ಜೀಪಿಗೆ ಏರಿಸಿ, ಹೆಂಡತಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು ಹೊರಟ ಮೇಲೆ ಅದು ಕಿವಿಗೆ ಕೇಳುತ್ತದೆ.

ಸುತ್ತಿಗೆಯಿಂದ ಹಾಕಲೇ ಬಾರದು ಅಂತಲ್ಲ. ಒಳರಿಂಗಿನ ಮೇಲಷ್ಟೇ ಕೂರುವ ಪೈಪು ಸಿಕ್ಕರೆ, ಏಟು ನೆಟ್ಟಗೆ ಬಿದ್ದರೆ, ಸಣ್ಣ ಬೇರಿಂಗ್ ಹೋಗುತ್ತದೆ. ಜಾಣ ಮೇಸ್ತ್ರಿಗಳು ಕೆಟ್ಟ ಬೇರಿಂಗಿನ ಒಳರಿಂಗನ್ನು ಎಸೆಯುವುದಿಲ್ಲ. ಅದರ ತೂತನ್ನು ಉಜ್ಜಿ ಸಡಿಲ ಮಾಡಿ ಇಟ್ಟುಕೊಂಡು, ಹೊಸದನ್ನು ಹಾಕುವಾಗ ಅದನ್ನೇ ನಡುವೆ ಇಟ್ಟು ಬಡಿಯುತ್ತಾರೆ. ಸತ್ತವನು ಇರುವವನಿಗೆ ದಾರಿ ಬಿಟ್ಟುಕೊಡುವ ಈ ಏರ್ಪಾಡು ನನಗೆ ಇಷ್ಟ. ಭಾವನಿಗೂ ಇಷ್ಟವಾಯಿತು, ಆದರೆ ಹಳೇ ರಿಂಗು ಅಷ್ಟು ಹೊತ್ತಿಗೆ ಮಕ್ಕಳ ಕೈಗೆ ಸಿಕ್ಕಿ ಮಾಯವಾಗಿತ್ತು.

"ಒಂದು ರಿಂಗು, ನಾಲ್ಕು ಗುಂಡು. ಅದಕ್ಕೆ ಇಷ್ಟು ದೊಡ್ಡ ಗಲಾಟೆನಾ?" ಎಂದು ಅಕ್ಕ ಕೇಳಿದ್ದಕ್ಕೆ ಭಾವ ಎರಡನೇ ಮಹಾಯುದ್ಧವನ್ನೇ ತಂದಿಟ್ಟರು. ಜರ್ಮನಿಯ ಶ್ವೈನ್‌ಫರ್ಟ್ ಎಂಬ ಊರಿನಲ್ಲಿ ಬೇರಿಂಗ್ ಕಾರ್ಖಾನೆಗಳಿದ್ದವು. ಅಲ್ಲಿ ಬೇರಿಂಗ್ ನಿಂತರೆ ಜರ್ಮನಿಯ ಟ್ಯಾಂಕು, ವಿಮಾನ ಎಲ್ಲವೂ ನಿಲ್ಲುತ್ತವೆ ಎಂದು ಅಮೆರಿಕದವರು 1943ರ ಆಗಸ್ಟಿನಲ್ಲೂ ಅಕ್ಟೋಬರಿನಲ್ಲೂ ಬಾಂಬು ಹಾಕಿದರು. ಅಕ್ಟೋಬರಿನ ಆ ಒಂದು ದಾಳಿಯಲ್ಲೇ ಅವರ 60 ಬಾಂಬರ್ ವಿಮಾನ ಹೋದವು. ಅಷ್ಟಾದರೂ ಬೇರಿಂಗ್ ತಯಾರಿ ಪೂರ್ತಿ ನಿಲ್ಲಲಿಲ್ಲ. ಅಕ್ಕ ಪೂರಾ ಕೇಳಿಸಿಕೊಂಡು, "ಪಾಪ, ಬೇರಿಂಗ್ ಹಾಳು ಮಾಡೋಕೆ ಅಷ್ಟು ಕಷ್ಟಪಟ್ರಾ? ನಿಮ್ಮ ಕೈಗೊಂದು ಸುತ್ತಿಗೆ ಕೊಟ್ಟು ಕಳಿಸಿದ್ರೆ ಸಾಕಿತ್ತು" ಅಂದಳು. ನಾನು ನಗಲಿಲ್ಲ. ಅಂದು ರಾತ್ರಿ ಊಟಕ್ಕೆ ಭಾವನ ಪಕ್ಕದಲ್ಲೇ ಕೂರಬೇಕಿತ್ತು.

ಇನ್ನು ಕೆಲವರು ಅಹಿಂಸಾವಾದಿಗಳು. ಬೇರಿಂಗ್ ಹೋಗದಿದ್ದರೆ ಎಮರಿ ಪೇಪರ್ ತಗೊಂಡು ಶಾಫ್ಟನ್ನೇ ಉಜ್ಜುತ್ತಾರೆ. ಹಿಂಸೆ ಇಲ್ಲ, ಸದ್ದಿಲ್ಲ, ಬೇರಿಂಗು ಬೆರಳಲ್ಲೇ ಜಾರಿಕೊಂಡು ಹೋಗುತ್ತದೆ. ಆಮೇಲೆ ಓಡುವಾಗ ಒಳರಿಂಗು ಶಾಫ್ಟಿನ ಜೊತೆ ತಿರುಗುವುದು ಬಿಟ್ಟು ಶಾಫ್ಟಿನ ಮೇಲೇ ಜಾರುತ್ತಾ ತಿರುಗಲು ಶುರುಮಾಡಿ, ದಿನದಿಂದ ದಿನಕ್ಕೆ ಶಾಫ್ಟನ್ನು ಸವೆಸುತ್ತದೆ. ಅದು ಸವೆದು ಗಡಗಡ ಅಂದಾಗ ಇನ್ನೊಬ್ಬ ಬರುತ್ತಾನೆ; ಅವನ ಕೈಯಲ್ಲಿ ಸೆಂಟರ್ ಪಂಚು. ಶಾಫ್ಟಿನ ಸುತ್ತ ಚುಕ್ಕಿ ಚುಕ್ಕಿ ಗುದ್ದಿ, ಉಬ್ಬಿದ ಲೋಹದ ಮೇಲೆ ಬೇರಿಂಗ್ ಸಿಕ್ಕಿಸಿ, "ಟೈಟ್ ಆಯ್ತು ನೋಡಿ ಸಾರ್" ಅನ್ನುತ್ತಾನೆ. ಟೈಟ್ ಆಗುತ್ತದೆ, ಸುಳ್ಳಲ್ಲ. ರಿಂಗು ಹತ್ತಾರು ಚುಕ್ಕಿಗಳ ತುದಿಯ ಮೇಲೆ ನಿಂತಿರುತ್ತದೆ, ಆ ತುದಿಗಳು ಬೇಗ ಸವೆದು ಹೋಗುತ್ತವೆ. ನಮ್ಮ ಕಡೆಯ ಹಳೇ ಜೀಪುಗಳ ಶಾಫ್ಟುಗಳಲ್ಲಿ ಉಜ್ಜಿದವನ ಗುರುತೂ ಗುದ್ದಿದವನ ಗುರುತೂ ಒಂದರ ಮೇಲೊಂದು ಇರುತ್ತವೆ. ಸರಿಯಾದ ದಾರಿ ಲೇತಿನವನ ಹತ್ತಿರ ಹೋಗಿ ಲೋಹ ತುಂಬಿಸಿ, ಅಳತೆಗೆ ಗ್ರೈಂಡ್ ಮಾಡಿಸುವುದು. ಆ ಖರ್ಚು ಕೇಳಿದವರು ಮರಳಿ ಪಂಚಿನ ಮೊರೆ ಹೋಗುತ್ತಾರೆ.

ಬೇರಿಂಗ್ ಹಾಕುವ ಹದ ನಮ್ಮ ಹೆಂಗಸರಿಗೆ ಎಂದಿನಿಂದಲೋ ಗೊತ್ತಿದೆ. ಬಳೆ ತೊಡಿಸುವಾಗ ಬಳೆಗಾರ ಬಳೆಯನ್ನು ಕುಟ್ಟುವುದಿಲ್ಲ, ಕೈಯನ್ನು ಹಿತವಾಗಿ ಹಿಸುಕಿ ಸಣ್ಣ ಮಾಡುತ್ತಾನೆ. ಶಾಫ್ಟನ್ನು ಹಿಸುಕಲು ಆಗುವುದಿಲ್ಲವಾದ್ದರಿಂದ ಬೇರಿಂಗನ್ನು ಬಿಸಿ ಮಾಡಿ ಹಿಗ್ಗಿಸಬೇಕು, ಇಲ್ಲವೇ ಶಾಫ್ಟನ್ನು ತಣ್ಣಗೆ ಮಾಡಿ ಕುಗ್ಗಿಸಬೇಕು. ಉಕ್ಕು ಒಂದು ಮೀಟರಿಗೆ ಒಂದು ಡಿಗ್ರಿಗೆ ಸುಮಾರು 12 ಮೈಕ್ರಾನ್ ಹಿಗ್ಗುತ್ತದೆ. 35 ಮಿಲಿಮೀಟರಿನ ತೂತನ್ನು ಕೋಣೆಯ 25 ಡಿಗ್ರಿಯಿಂದ 110ಕ್ಕೆ ಏರಿಸಿದರೆ ತೂತು ಸುಮಾರು 35 ಮೈಕ್ರಾನ್ ದೊಡ್ಡದಾಗುತ್ತದೆ. ಕೂದಲಿನ ಮೂರನೇ ಒಂದು ಪಾಲಿನ ಜಗಳಕ್ಕೆ ಅರ್ಧ ಕೂದಲಿನ ಪರಿಹಾರ. ಎರಡು ಕೇಜಿ ಸುತ್ತಿಗೆಗೆ ಬಗ್ಗದ್ದು ಅನ್ನ ಕುದಿಯುವ ಬಿಸಿಗಿಂತ ತುಸು ಹೆಚ್ಚಿಗೆ ಬಗ್ಗುತ್ತದೆ. 120 ಡಿಗ್ರಿ ದಾಟಿಸಬಾರದು, ದಾಟಿದರೆ ಉಕ್ಕಿನ ಹದ ಕೆಟ್ಟು ರಿಂಗಿನ ಅಳತೆಯೇ ಬದಲಾಗಲು ಶುರು. ರಬ್ಬರ್ ಮುಚ್ಚಳದ್ದಾದರೆ ಇನ್ನೂ ಕಡಿಮೆ ಬಿಸಿ ಸಾಕು, ಇಲ್ಲದಿದ್ದರೆ ರಬ್ಬರೂ ಗ್ರೀಸೂ ಕೆಡುತ್ತವೆ. ಗ್ಯಾಸ್ ವೆಲ್ಡಿಂಗಿನ ಬೆಂಕಿ ಹಿಡಿಯುವ ಮಾತೇ ಇಲ್ಲ. ಒಂದು ಕಡೆ ನೀಲಿ ತಿರುಗಿ, ಇನ್ನೊಂದು ಕಡೆ ತಣ್ಣಗೇ ಇದ್ದು, ದುಂಡಗಿದ್ದದ್ದು ದುಂಡಗೆ ಉಳಿಯುವುದಿಲ್ಲ.

ಭಾವನಿಗೆ ಈ ಜ್ಞಾನೋದಯವಾದಂದಿನಿಂದ ಅಕ್ಕನ ಅಡುಗೆಮನೆಗೆ ಶನಿ ಹೆಗಲೇರಿದ. ಮೊದಲು ಅವರ ಕಣ್ಣು ಮೈಕ್ರೋವೇವ್ ಮೇಲೆ ಬಿತ್ತು. ಅದರಲ್ಲಿ ಸ್ಟೀಲ್ ಚಮಚವನ್ನೂ ಇಡಬಾರದು ಎಂದು ಮಕ್ಕಳೇ ಅಡ್ಡ ನಿಂತು ತಡೆದರು. ಆಮೇಲೆ ಕೇಕು ಸುಡುವ ಓಟಿಜಿ. ಅಕ್ಕ ಊರಿಗೆ ಹೋದ ದಿನ ನೋಡಿ ಬೇರಿಂಗನ್ನು ಟ್ರೇ ಮೇಲೆ ಇಟ್ಟರು. ಬೇರಿಂಗನ್ನು ತುಕ್ಕಿನಿಂದ ಕಾಯಲು ಕಂಪನಿಯವರು ಒಂದು ಎಣ್ಣೆ ಸವರಿ ಕಳಿಸಿರುತ್ತಾರೆ; ಅದು ಬಿಸಿಯಾದಾಗ ಬರುವ ವಾಸನೆಗೂ ವೆನಿಲ್ಲಾ ವಾಸನೆಗೂ ಬಹಳ ದೂರ. ಅದಾದ ಮೇಲೆ ಬಂದ ಹುಟ್ಟುಹಬ್ಬಗಳಿಗೆಲ್ಲ ಆ ಮನೆಯಲ್ಲಿ ಕೇಕು ಅಂಗಡಿಯಿಂದ ಬರುತ್ತಿದೆ.

ಎಷ್ಟು ಬಿಸಿಯಾಯಿತು ಎಂದು ತಿಳಿಯಬೇಕಲ್ಲ. ಓಟಿಜಿಯ ಗುಂಡಿ ತೋರಿಸುವುದು ಗಾಳಿಯ ಬಿಸಿ, ಅದೂ ಅಂದಾಜು. ಭಾವ ಕಪಾಟು ಹುಡುಕಿ ಕೊರೋನಾ ಕಾಲದಲ್ಲಿ ಹಣೆಗೆ ಹಿಡಿಯುತ್ತಿದ್ದ ಆ ಬಿಳೀ ಗನ್ನು ತಂದರು. ಮನುಷ್ಯರ ಜ್ವರಕ್ಕೆಂದು ಮಾಡಿದ ಯಂತ್ರಕ್ಕೆ 43ರ ಆಚೆ ಏನಿದೆ ಎಂದೇ ಗೊತ್ತಿಲ್ಲ. ಬೇರಿಂಗಿಗೆ ಹಿಡಿದರೆ ಅದು ಕೆಂಪಾಗಿ ಕಿರುಚಿತು. ಆಮೇಲೆ ಕೈಗಾರಿಕೆಯವರು ಬಳಸುವ ನಿಜವಾದ ಗನ್ನನ್ನೇ ತರಿಸಿದರು. ಹೊಳೆಯುವ ಉಕ್ಕಿನ ಮುಂದೆ ಅದೂ ಪೆದ್ದು. ಕನ್ನಡಿ ಹೊಳಪಿನ ಲೋಹ ತನ್ನ ಬಿಸಿಯನ್ನು ಸರಿಯಾಗಿ ಹೊರಗೆ ಬಿಡುವುದಿಲ್ಲವಾದ್ದರಿಂದ ಗನ್ನು ಕಡಿಮೆ ತೋರಿಸುತ್ತದೆ, ನಂಬಿದವರು ಇನ್ನೂ ಬಿಸಿ ಮಾಡುತ್ತಾರೆ. ರಿಂಗಿನ ಮೇಲೆ ಕಪ್ಪು ಮಾರ್ಕರಿನಲ್ಲಿ ಒಂದು ಪಟ್ಟೆ ಬಳಿದು ಅಲ್ಲಿಗೆ ಹಿಡಿದರೆ ಅಂಕಿ ನಿಜಕ್ಕೆ ಹತ್ತಿರ ಬರುತ್ತದೆ.

ಇತ್ತ ಶಾಫ್ಟು ಫ್ರೀಜರಿನಲ್ಲಿ. ಮನೆಯ ಫ್ರೀಜರು ಮೈನಸ್ 18 ಡಿಗ್ರಿಯವರೆಗೆ ಹೋಗುತ್ತದೆ. ಅಷ್ಟರಲ್ಲಿ 35 ಮಿಲಿಮೀಟರಿನ ಶಾಫ್ಟು ಸುಮಾರು 18 ಮೈಕ್ರಾನ್ ಕುಗ್ಗುತ್ತದೆ. ಲಾಭವೇನೋ ಹೌದು. ಆದರೆ ಮೂಡಿಗೆರೆಯ ಮಳೆಗಾಲದ ಗಾಳಿಗೆ ಹೊರತೆಗೆದ ಕ್ಷಣವೇ ಅದರ ಮೈಮೇಲೆ ಮಂಜು ಕಟ್ಟಿಕೊಳ್ಳುತ್ತದೆ, ಕರಗಿ ನೀರಾಗುತ್ತದೆ, ಒರೆಸಿ ಎಣ್ಣೆ ಸವರದಿದ್ದರೆ ತುಕ್ಕು ಹತ್ತುತ್ತದೆ. ನಿಜವಾದ ಅನಾಹುತ ಮಾತ್ರ ಐಸ್‌ಕ್ರೀಮಿಗೆ ಆದದ್ದು. ಗೇರ್ ಆಯಿಲಿನಲ್ಲಿ ಗಂಧಕ ಇರುತ್ತದೆ ಎಂದು ಮಕ್ಕಳು ಶಾಲೆಯ ಪಾಠಕ್ಕಿಂತ ಮೊದಲೇ ನಾಲಿಗೆಯಿಂದ ಕಲಿತರು.

ಕೊನೆಗೆ ಭಾವ ಶರಣಾದದ್ದು ಚಿಕ್ಕಮಗಳೂರಿನ ಒಬ್ಬ ಹಳೇ ಮೇಸ್ತ್ರಿಗೆ. ಅವನಿಗೆ ಈ ಗನ್ನೂ ಬೇಡ, ಓವನ್ನೂ ಬೇಡ. ಒಂದು ಡಾಲ್ಡಾ ಡಬ್ಬದಲ್ಲಿ ಶುದ್ಧ ಎಣ್ಣೆ ಹಾಕಿ ಸ್ಟೌ ಮೇಲೆ ಇಟ್ಟು, ಬೇರಿಂಗನ್ನು ತಂತಿಯಲ್ಲಿ ತೂಗು ಹಾಕುತ್ತಾನೆ. ತಳಕ್ಕೆ ತಾಗಿಸುವುದಿಲ್ಲ, ಯಾಕೆಂದರೆ ತಳ ಎಣ್ಣೆಗಿಂತ ಬಿಸಿ. ಜೊತೆಗೆ ಕಸವೆಲ್ಲ ಇಳಿದು ಕೂರುವುದೂ ಅಲ್ಲೇ. ಬೀಡಿ ಮುಗಿಯುವಷ್ಟು ಹೊತ್ತು ಕಾದು, ಬೇರಿಂಗನ್ನು ಎತ್ತಿ ಅದರ ಹೊರಮೈಗೆ ಒಂದು ಹನಿ ನೀರು ಚಿಮುಕಿಸುತ್ತಾನೆ. ಹನಿ ಚುರ್ ಎಂದು ಹಾರಿದರೆ ನೂರು ದಾಟಿತು, ಸ್ಟೌ ಆರಿಸು. ಬಿಸಿ ಎಣ್ಣೆಯ ಡಬ್ಬದೊಳಕ್ಕೇ ನೀರು ಬಿಡುವವರು ಈ ಹರಟೆ ಓದುವುದನ್ನು ಇಲ್ಲಿಗೇ ನಿಲ್ಲಿಸಬೇಕಾಗಿ ವಿನಂತಿ.

"ಸಾರ್, ಕೈಗೆ ಬಟ್ಟೆ ಸುತ್ತಿಕೊಳ್ಳಿ. ನಾನು ಹಾಕು ಅಂದಾಗ ಹಾಕಿ. ಯೋಚನೆ ಮಾಡ್ಬೇಡಿ" ಅಂದ ಮೇಸ್ತ್ರಿ. ಯೋಚನೆ ಮಾಡಬೇಡಿ ಎಂದು ಭಾವನಿಗೆ ಯಾರೂ ಹೇಳಬೇಕಾದ್ದಿಲ್ಲ. ಬಿಸಿ ಬೇರಿಂಗನ್ನು ತಣ್ಣನೆಯ ಶಾಫ್ಟಿಗೆ ಹಾಕಿದಾಗ ನೋಡಬೇಕು: ಅದು ಸೊಯ್ಯನೆ ಜಾರಿ ಶಾಫ್ಟಿನ ಭುಜಕ್ಕೆ ಟಕ್ ಎಂದು ಕೂರುತ್ತದೆ. ಇದೇನಾ ಇಷ್ಟು ದಿನ ಹಟ ಹಿಡಿದದ್ದು ಅನಿಸುತ್ತದೆ. ಕೈಗೆ ಸಿಗುವ ಸಮಯ ಕೆಲವೇ ಸೆಕೆಂಡು. ಅರ್ಧ ದಾರಿಯಲ್ಲಿ ಓರೆಯಾದರೆ ಅಲ್ಲೇ ಕಚ್ಚಿಕೊಂಡು ಕೂರುತ್ತದೆ. ಕೂತ ಮೇಲೂ ಬಿಡುವಂತಿಲ್ಲ. ತಣ್ಣಗಾಗುವಾಗ ರಿಂಗು ಅಗಲದಲ್ಲೂ ಕುಗ್ಗಿ ಭುಜದಿಂದ ಕೂದಲೆಳೆ ದೂರ ಸರಿಯುತ್ತದೆ. ಹಾಗಾಗಿ ಅದು ಹಿಡಿದುಕೊಳ್ಳುವವರೆಗೆ ಒತ್ತಿ ಹಿಡಿಯಬೇಕು. ಭಾವ ಒತ್ತಿ ಹಿಡಿದರು. ಮುಖದಲ್ಲಿ ಮದುವೆಯ ದಿನವೂ ಕಾಣದಿದ್ದ ತೃಪ್ತಿ. ಮೇಸ್ತ್ರಿ ಬೆಂಚಿನ ಮೇಲೆ ಕಣ್ಣಾಡಿಸಿ, ಒಂದು ತೆಳ್ಳನೆಯ ತಗಡಿನ ಬಿಲ್ಲೆ ಎತ್ತಿ, "ಸಾರ್, ಇದು?" ಅಂದ.

ಆಯಿಲ್ ಸ್ಲಿಂಗರ್. ಗೇರಿಗೂ ಬೇರಿಂಗಿಗೂ ನಡುವೆ ಇರಬೇಕಾದ್ದು. ಎಣ್ಣೆ ಕ್ಲಚ್ಚಿನ ಕಡೆಗೆ ನುಗ್ಗದ ಹಾಗೆ ತಡೆಯುವುದು ಅದರ ಕೆಲಸ. ಬೇರಿಂಗಿಗಿಂತ ಮೊದಲು ಹೋಗಬೇಕಾದ್ದು. ಜಗತ್ತಿನ ಯಾವ ಮೂಲೆಯಲ್ಲಿ ಯಾರು ಗೇರ್‌ಬಾಕ್ಸ್ ಕಟ್ಟಿದರೂ ಬೇರಿಂಗ್ ತಣ್ಣಗಾದ ಮೇಲೆ ಬೆಂಚಿನ ಮೇಲೆ ಒಂದು ಬಿಲ್ಲೆಯೋ ರಿಂಗೋ ಉಳಿದೇ ಉಳಿಯುತ್ತದೆ ಎಂದು ಮೇಸ್ತ್ರಿ ಸಮಾಧಾನ ಹೇಳಿದ. ಭಾವ ಬಿಲ್ಲೆಯನ್ನು ಹಿಂದೆ ಮುಂದೆ ತಿರುಗಿಸಿ, "ಇದು ಇಲ್ಲದಿದ್ರೂ ನಡೆಯುತ್ತಲ್ವಾ?" ಅಂದರು. ಮೇಸ್ತ್ರಿ ಮಾತಾಡದೆ ಪುಲ್ಲರ್ ಹುಡುಕಲು ಹೋದ.

ಕೀಳುವಾಗಲೂ ಅದೇ ನ್ಯಾಯ. ಒಳರಿಂಗಿನ ಹಿಂದೆ ಪುಲ್ಲರಿನ ಉಗುರು ಸಿಕ್ಕಿದರೆ ಬೇರಿಂಗ್ ಬದುಕುತ್ತದೆ. ಇಲ್ಲಿ ಬೇರಿಂಗಿನ ಬೆನ್ನಿಗೇ ಗೇರು ಅಂಟಿಕೊಂಡಿರುವುದರಿಂದ ಉಗುರು ಸಿಗುವುದು ಹೊರರಿಂಗಿಗೆ. ಎಳೆದರೆ ಬರುತ್ತದೆ, ಆದರೆ ಎಳೆತವೆಲ್ಲ ಗುಂಡುಗಳ ಮೇಲೆ. ಹಾಗೆ ಕಿತ್ತ ಬೇರಿಂಗನ್ನು ಮತ್ತೆ ಹಾಕಬಾರದು. ಜೆ.ಸಿ. ರಸ್ತೆಯ ಅಂಗಡಿಯವನು ಈ ಸಲ ಭಾವನ ಮುಖ ನೋಡಿದ್ದೇ ನಂಬರನ್ನು ತಾನೇ ಹೇಳಿದ.

ಭಾವನಿಗೆ ಮೈಸೂರಿನಲ್ಲಿ ಒಬ್ಬ ಗೆಳೆಯರಿದ್ದಾರೆ, ಅವರದು ಯೆಜ್ಡಿ ಹುಚ್ಚು. ಮೈಸೂರಿಗೆ ಆ ಹುಚ್ಚು ಸಹಜ. ಐಡಿಯಲ್ ಜಾವಾ ಕಾರ್ಖಾನೆ 1961ರಿಂದ 1996ರವರೆಗೆ ಅಲ್ಲೇ ನಡೆದದ್ದು. ಈ ಇಬ್ಬರೂ ಫೋನಿನಲ್ಲಿ ಮಾತಾಡುವುದನ್ನು ಕೇಳಬೇಕು. "ಬೇರಿಂಗ್ ಯಾಕ್ರೀ ಬಿಸಿ ಮಾಡ್ತೀರಿ, ಕೇಸನ್ನೇ ಬಿಸಿ ಮಾಡಿ" ಅನ್ನುತ್ತಾರೆ ಅವರು. ಅವರ ಮಾತು ಅವರ ಬೈಕಿಗೆ ಸರಿ. ಅಲ್ಲಿ ಕೇಸು ಅಲ್ಯುಮಿನಿಯಮ್ಮು. ಅದು ಉಕ್ಕಿನ ಹತ್ತಿರ ಹತ್ತಿರ ಎರಡರಷ್ಟು ಹಿಗ್ಗುತ್ತದೆ. 62 ಮಿಲಿಮೀಟರಿನ ಗೂಡನ್ನು 110 ಡಿಗ್ರಿಗೆ ಏರಿಸಿದರೆ ಸುಮಾರು 120 ಮೈಕ್ರಾನ್ ಬಾಯಿ ಬಿಡುತ್ತದೆ, ತಣ್ಣಗಿನ ಬೇರಿಂಗು ತನ್ನ ಭಾರಕ್ಕೇ ಇಳಿದು ಟಪ್ ಎನ್ನುತ್ತದೆ. ಹಳೇ ಬೇರಿಂಗ್ ತೆಗೆಯಲೂ ಅಷ್ಟೆ, ಬಿಸಿ ಕೇಸನ್ನು ಮಗುಚಿ ಮರದ ಹಲಗೆಗೆ ಕುಟ್ಟಿದರೆ ಬಿದ್ದುಬಿಡುತ್ತದೆ. ಜೀಪಿನ ಟಿ-90 ಪೆಟ್ಟಿಗೆ ಬೀಡು ಕಬ್ಬಿಣ. ಅದು ಉಕ್ಕಿಗಿಂತ ಹೆಚ್ಚೇನೂ ಹಿಗ್ಗುವುದಿಲ್ಲ, ಹಾಗಾಗಿ ಆ ಮಂತ್ರ ಇಲ್ಲಿ ಹೆಚ್ಚು ಪ್ರಯೋಜನಕ್ಕೆ ಬರುವುದಿಲ್ಲ. ಇದನ್ನು ಇಬ್ಬರೂ ಒಪ್ಪಿಕೊಂಡರೆ ಫೋನು ಇಡಬೇಕಾಗುತ್ತದೆ ಎಂಬ ಭಯಕ್ಕೆ ಇಬ್ಬರೂ ಒಪ್ಪಿಕೊಂಡಿಲ್ಲ. ಮೈಸೂರಿನ ಆ ಮನೆಯ ಅಡುಗೆಮನೆಯಲ್ಲೂ ಓವನ್ ಇದೆಯಂತೆ. ಅಕ್ಕನೂ ಆ ಮನೆಯಾಕೆಯೂ ಬೇರೆ ಒಂದು ಫೋನಿನಲ್ಲಿ ಮಾತಾಡುತ್ತಾರೆ. ಅಲ್ಲಿನ ವಿಷಯ ನನಗೆ ಪೂರ್ತಿ ತಿಳಿಯದು, ನಗು ಮಾತ್ರ ಕೇಳಿಸುತ್ತದೆ.

ಎರಡನೇ ಬೇರಿಂಗು ಸ್ಲಿಂಗರಿನ ಸಮೇತ ಸರಿಯಾಗಿ ಕೂತಿತು. ಮೇನ್ ಶಾಫ್ಟಿನ ಹಿಂಬದಿಯ ಬೇರಿಂಗೂ ತಕರಾರಿಲ್ಲದೆ ಹೋಯಿತು. ತಕರಾರು ಮಾಡಿದ್ದು ಬಿಗಿಯೇ ಇಲ್ಲದ ಪೈಲಟ್ ರೋಲರುಗಳು. ಇನ್‌ಪುಟ್ ಶಾಫ್ಟಿನ ಹಿಂಬದಿಯ ಗುಳಿಯೊಳಗೆ ಮೇನ್ ಶಾಫ್ಟಿನ ಮೂತಿ ಕೂರುವಲ್ಲಿ ಬಿಡಿ ಬಿಡಿಯಾದ ಸಣ್ಣ ರೋಲರುಗಳ ಒಂದು ಸುತ್ತು ಇರುತ್ತದೆ. ಅವನ್ನು ಹಿಡಿದಿಡಲು ಪಂಜರವೂ ಇಲ್ಲ, ಹೊರರಿಂಗೂ ಇಲ್ಲ. ಗ್ರೀಸು ಮೆತ್ತಿ, ಒಂದೊಂದಾಗಿ ಅಂಟಿಸಿ, ಉಸಿರು ಬಿಗಿಹಿಡಿದು ಮೇನ್ ಶಾಫ್ಟಿನ ಮೂತಿಯನ್ನು ಒಳಗೆ ತರಬೇಕು. ಎಲ್ಲ ಅಂಟಿಸಿದ ಮೇಲೆ ಸುತ್ತಿನಲ್ಲಿ ಒಂದು ರೋಲರಿನಷ್ಟು ಜಾಗ ಖಾಲಿ ಕಂಡಿತು. ಅದು ಹಾಗೇ ಇರಬೇಕಾದ ಖಾಲಿಯೋ, ಬಿದ್ದುಹೋದ ರೋಲರಿನ ಖಾಲಿಯೋ ಎಂಬ ಚರ್ಚೆ ಊಟದ ಹೊತ್ತನ್ನೂ ದಾಟಿತು. ನನಗೆ ಟಾರ್ಚಿನ ಜೊತೆಗೆ ಒಂದು ಅಯಸ್ಕಾಂತವನ್ನೂ ಕೊಟ್ಟು ಬಡ್ತಿ ಮಾಡಿದರು. ಬೆಂಚಿನ ಕೆಳಗೆ ಎರಡು ಮೊಳೆ, ಒಂದು ವಾಷರ್, ಮಕ್ಕಳು ಕಳೆದ ಆ ಹಳೇ ಒಳರಿಂಗು, ಕೊನೆಗೆ ಗೋಣಿತಾಟಿನ ಮಡಿಕೆಯಲ್ಲಿ ಆ ರೋಲರು, ಎಲ್ಲ ಸಿಕ್ಕವು. ಮೇಸ್ತ್ರಿ ಒಂದೂ ಮಾತಾಡದೆ ಅದನ್ನು ಸೀಮೆಎಣ್ಣೆಯಲ್ಲಿ ತೊಳೆದು ಅಂಟಿಸಿದ.

ಗೇರ್‌ಬಾಕ್ಸು ಈಗ ತಿರುಗುತ್ತದೆ. ಕೈಯಲ್ಲಿ ತಿರುಗಿಸಿದರೆ ಗೊರ್ ಇಲ್ಲ, ಗಡಗಡ ಇಲ್ಲ. ಭಾವ ಬಂದವರಿಗೆಲ್ಲ ಶಾಫ್ಟು ತಿರುಗಿಸಿ ಕೇಳಿಸುತ್ತಿದ್ದಾರೆ. ಸದ್ದೇ ಇಲ್ಲದ್ದನ್ನು ಕೇಳಿಸಿಕೊಂಡು "ಆಹಾ" ಅನ್ನುವುದು ಅತಿಥಿಗಳ ಹೊಸ ಕರ್ತವ್ಯ. ಜೀಪಿಗೆ ಏರಿಸುವುದು ಮಾತ್ರ ಇನ್ನೂ ಆಗಿಲ್ಲ, ಯಾಕೆಂದರೆ ಬಿಚ್ಚಿದ್ದೇ ಬಿಚ್ಚಿದ್ದೇವೆ, ಟ್ರಾನ್ಸ್‌ಫರ್ ಕೇಸನ್ನೂ ಒಮ್ಮೆ ನೋಡಿಬಿಡೋಣ ಎಂದು ಭಾವನಿಗೆ ಅನಿಸಿದೆ. ಅದರ ಔಟ್‌ಪುಟ್ ಶಾಫ್ಟಿನಲ್ಲಿ ಇರುವುದು ಗುಂಡಿನದಲ್ಲ, ಟೇಪರ್ ರೋಲರ್ ಬೇರಿಂಗು. ಅವುಗಳ ಸಡಿಲವನ್ನು ಹಾಳೆಯಷ್ಟು ತೆಳ್ಳನೆಯ ಶಿಮ್ ಸೇರಿಸಿ, ತೆಗೆದು, ನಾಲ್ಕರಿಂದ ಎಂಟು ಥೌ (ಇಂಚಿನ ಸಾವಿರದ ಒಂದು ಪಾಲು ಒಂದು ಥೌ) ಒಳಗೆ ತಂದು ನಿಲ್ಲಿಸಬೇಕು. ಅದಕ್ಕೆ ಡಯಲ್ ಗೇಜು ಬೇಕಂತೆ. ಅಕ್ಕ ಅಡುಗೆಮನೆಯನ್ನೆಲ್ಲ ಒಂದು ಸಲ ಮೇಲಿಂದ ಕೆಳಗೆ ನೋಡಿ, ಅಂಥದ್ದು ತನ್ನ ಹತ್ತಿರ ಯಾವುದೂ ಇಲ್ಲ ಎಂದು ಖಾತ್ರಿ ಮಾಡಿಕೊಂಡು, "ಬಹಳ ಒಳ್ಳೇ ಕೆಲಸ, ಇವತ್ತೇ ಶುರು ಮಾಡ್ರಿ" ಅಂದಿದ್ದಾಳೆ.